ಒಗ್ಗರಣೆಯ ಗುಮಾಸ್ತ

ಹೊಗಳಿಕೆ ಕೇಳಿ ಕೆಟ್ಟವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇರಬಹುದು. ಆದರೆ ಕುಂಬಳಕಾಯಿ ಹುಳಿಯ ಹೊಗಳಿಕೆ ಕೇಳಿ ಸರ್ಕಾರಿ ನೌಕರಿ ಬಿಟ್ಟವನು ಬಹುಶಃ ನಾನೊಬ್ಬನೇ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಹಾಗೆಂದು ಪೂರ್ತಿ ನಾಚಿಕೆಯಿಂದಲೂ ಅಲ್ಲ. ಮನಸ್ಸಿಗೆ ಹಿಡಿಸದ ಕೆಲಸ ಬಿಡಬೇಕು, ಪ್ರೀತಿಸುವ ಕೆಲಸಕ್ಕೆ ಕೈ ಹಾಕಬೇಕು ಎಂದು ಈಚೆಗೆ ಭಾಷಣ ಮಾಡುವವರು ಹೆಚ್ಚಾಗಿದ್ದಾರೆ. ಮೊನ್ನೆ ಹೈಸ್ಕೂಲಿನ ವಾರ್ಷಿಕೋತ್ಸವದಲ್ಲಿ ಒಬ್ಬರು ಮೇಜು ಗುದ್ದಿ ಗುದ್ದಿ ಅದನ್ನೇ ಹೇಳಿದರು. ಆ ದಿನದ ಉಪ್ಪಿಟ್ಟು ನನ್ನದು. ವೇದಿಕೆಯ ಹಿಂದೆ ರವೆ ಕಲಕುತ್ತಾ ಎಲ್ಲವನ್ನೂ ಕೇಳಿಸಿಕೊಂಡೆ. ಮುಗಿದ ಮೇಲೆ ಅವರಿಗೆ ಉಪ್ಪಿಟ್ಟು ಕೊಡುವಾಗ, ‘ತಾವು ಯಾವ ಕೆಲಸ ಬಿಟ್ಟಿರಿ ಸ್ವಾಮಿ?’ ಎಂದು ವಿಚಾರಿಸಿದೆ. ಅವರು ಯಾವುದನ್ನೂ ಬಿಟ್ಟಿರಲಿಲ್ಲ. ಪಿಂಚಣಿಗೆ ಇನ್ನೂ ಕೆಲವು ವರ್ಷ ಇದೆಯಂತೆ.

ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಚಿಂತಾಮಣಿಯವರು ಅದು ಶಿಡ್ಲಘಟ್ಟ ಎಂದುಕೊಳ್ಳಲಿ, ಶಿಡ್ಲಘಟ್ಟದವರು ಗೌರಿಬಿದನೂರು ಎಂದುಕೊಳ್ಳಲಿ, ಯಾರಿಗೂ ಬೇಜಾರಾಗುವುದು ಬೇಡ. ಆಗಿನ್ನೂ ಮೈಸೂರು ಸೀಮೆ ದೊಡ್ಡ ರಾಜ್ಯವಾಗಿರಲಿಲ್ಲ. ನನ್ನ ಪಾಲಿಗೆ ಬಂದದ್ದು ರೆಕಾರ್ಡು ರೂಮು. ರೈತರು ತಮ್ಮ ಹೊಲದ ಪಹಣಿಯ ನಕಲು ಬೇಕೆಂದು ಬಂದು ಬಾಗಿಲ ಬಳಿಯ ಬೆಂಚಿನ ಮೇಲೆ ಕಾಯುತ್ತಾರೆ. ನಾನು ಏಣಿ ಹತ್ತಿ, ಕೆಂಪು ಬಟ್ಟೆಯ ಕಂತೆ ಇಳಿಸಿ, ಧೂಳು ಕೊಡವಿ, ಮನಸಾರೆ ಸೀನಿ, ಯಾವ ಕಾಲದಲ್ಲೋ ಯಾರೋ ಶಾನುಭೋಗರು ಬರೆದಿಟ್ಟದ್ದನ್ನು ನೋಡಿ ನೋಡಿ ಬರೆದು, ಕೆಳಗೆ ‘ನಿಜ ನಕಲು’ ಎಂದು ಸೇರಿಸಿ ಶಿರಸ್ತೇದಾರರ ಸಹಿಗೆ ಕಳಿಸಬೇಕು. ಇಷ್ಟೇ ಕೆಲಸ. ಒಂದು ಸಲ ನನಗೆ ಚೆನ್ನಾಗಿ ಗೊತ್ತಿದ್ದ ಹುಣಿಸೆಮರವೊಂದನ್ನು ಹಳೆಯ ಶಾನುಭೋಗರು ಹೊಂಗೆಮರ ಎಂದು ಬರೆದಿದ್ದರು. ಆ ಮರದ ಹಣ್ಣನ್ನು ನಮ್ಮ ಮನೆಯಲ್ಲೇ ಹುಳಿಗೆ ಹಾಕಿದ್ದೇವೆ. ನಕಲಿನಲ್ಲಿ ಹುಣಿಸೆ ಎಂದು ತಿದ್ದಿದೆ. ಶಿರಸ್ತೇದಾರರು ಕರೆಸಿ, “ನಕಲು ಮಾಡೋನಿಗೆ ಬುದ್ಧಿ ಯಾತಕ್ರೀ? ಅದನ್ನ ಮನೇಲಿಟ್ಟು ಬನ್ನಿ” ಎಂದರು. ಅಂದಿನಿಂದ ಬುದ್ಧಿಯನ್ನು ಮನೆಯಲ್ಲೇ ಇಟ್ಟು ಹೋಗತೊಡಗಿದೆ. ಮನೆಯಲ್ಲಿ ಅದು ಸುಮ್ಮನಿರದೆ ಅಡಿಗೆಮನೆ ಸೇರಿಕೊಂಡಿತು.

ಅಡಿಗೆಯ ಹುಚ್ಚು ನನಗೆ ಚಿಕ್ಕಂದಿನದು. ಅಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಅವಳು ಒಲೆಯ ಮುಂದೆ ಕೂತು ಹೇಳುತ್ತಿದ್ದುದನ್ನೆಲ್ಲ ಕೇಳಿಸಿಕೊಂಡವನು ನಾನೇ. ತುಪ್ಪವೋ ಕಡಲೆಕಾಯಿ ಎಣ್ಣೆಯೋ ಕಾದು, ಸಾಸಿವೆ ಚಟಪಟ ಎಂದು, ಇಂಗು ಬಿದ್ದ ಕ್ಷಣದಲ್ಲಿ ಏಳುವ ಆ ವಾಸನೆ ಇದೆಯಲ್ಲ, ಅದನ್ನು ನಾನೇ ಎಬ್ಬಿಸಿದೆ ಎನ್ನುವ ಸಂತೋಷಕ್ಕೆ ಸಮಾನವಾದದ್ದು ರೆಕಾರ್ಡು ರೂಮಿನಲ್ಲಿ ಏನೂ ಇರಲಿಲ್ಲ. ಭಾನುವಾರ ಬಂದರೆ ನನ್ನ ಹೆಂಡತಿ ಸಾವಿತ್ರಿಯನ್ನು ಅಡಿಗೆಮನೆಯಿಂದ ಆಚೆ ಕಳಿಸಿ ನಾನು ಒಳಗೆ ಹೋಗುತ್ತಿದ್ದೆ. ಅವಳು ಬಡಿಸಿಕೊಂಡು, ಒಂದು ತುತ್ತು ತಿಂದು, ಯೋಚಿಸಿ, “ಪರವಾಗಿಲ್ಲ” ಎನ್ನುತ್ತಿದ್ದಳು. ಆಮೇಲೆ ಸ್ವಲ್ಪ ತಡೆದು, “ಹುಳಿ ಒಂಚೂರು ಮುಂದಾಗಿದೆ” ಎನ್ನುತ್ತಿದ್ದಳು. ಇವಳಿಗೆ ಹೊಟ್ಟೆಕಿಚ್ಚು ಎಂದು ನಾನು ಸುಮ್ಮನಾಗುತ್ತಿದ್ದೆ. ಮನೆಯವರು ಹೇಳಿದ್ದನ್ನು ಹೊಟ್ಟೆಕಿಚ್ಚು ಎಂದೂ ಹೊರಗಿನವರು ಹೇಳಿದ್ದನ್ನು ವಿಮರ್ಶೆ ಎಂದೂ ತಿಳಿಯುವುದು ಗಂಡಸರಿಗೆ ಯಾರೂ ಕಲಿಸದೇ ಬರುವ ವಿದ್ಯೆ.

ಹೊರಗಿನವರು ಹೇಳುವ ಕಾಲ ಬಂದದ್ದು ಒಂದು ಜಮಾಬಂದಿಯಲ್ಲಿ. ವರ್ಷಕ್ಕೊಮ್ಮೆ ಹಳ್ಳಿಗಳ ಲೆಕ್ಕ ನೋಡಲು ಅಮಲ್ದಾರರು, ಶಿರಸ್ತೇದಾರರು, ಕಂತೆ ಹೊತ್ತ ನಾವು ಎಲ್ಲರೂ ಒಂದು ದೊಡ್ಡ ಹಳ್ಳಿಗೆ ಹೋಗಿ ಬಿಡಾರ ಮಾಡುತ್ತಿದ್ದೆವು. ಆ ಸಲ ಜತೆಗೆ ಬಂದಿದ್ದ ಅಡಿಗೆಯವನು ಚಳಿಜ್ವರ ಬಂದು ಮಲಗಿಬಿಟ್ಟ. ಅಮಲ್ದಾರರ ಊಟದ ಹೊತ್ತು ಮೀರುತ್ತಿತ್ತು. ನಾನು ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತೆ. ಊಟಕ್ಕೆ ಊರಿನ ಪಟೇಲರು, ಚಿಕ್ಕಮುನಿಯಪ್ಪನವರು, ಜತೆಗೆ ಕೂತಿದ್ದರು. ಅವರದು ಆಂಧ್ರದ ಗಡಿಯ ಕಡೆಯ ಮಾತು, ಸಂತೋಷ ಬಂದರೆ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತಿತ್ತು. “ಏಮಿ ರುಚಿ ಸಾಮೀ! ಏಮಿ ರುಚಿ! ನನ್ನ ಜಲ್ಮದಲ್ಲೇ ಇಂಥ ಹುಳಿ ತಿಂದಿಲ್ಲ ಕಣಪ್ಪ. ನಿಮ್ಮ ಕೈಯಾಗೆ ಅಮೃತ ಐತೆ” ಎಂದು ಎಲೆಯ ಮೇಲಿನ ಹುಳಿಯನ್ನು ಬೆರಳಿನಲ್ಲಿ ಬಳಿದು ಬಳಿದು ತಿಂದರು. ಅವರ ಮೂರು ಹೊಲಗಳ ನಕಲಿನ ಅರ್ಜಿ ನನ್ನ ಮೇಜಿನ ಮೇಲಿತ್ತು ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಬುದ್ಧಿಯನ್ನು ಮನೆಯಲ್ಲಿಟ್ಟು ಬಂದಿದ್ದೆನಲ್ಲ.

ಚಿಕ್ಕಮುನಿಯಪ್ಪನವರು ಅಷ್ಟಕ್ಕೇ ಬಿಡಲಿಲ್ಲ. ಕೈವಾರದ ಛತ್ರದಲ್ಲಿ ದೊಡ್ಡ ಮಗಳ ಮದುವೆ ಇಟ್ಟುಕೊಂಡಾಗ ನನ್ನನ್ನು ಕರೆಯಲು ತಾವೇ ಬಂದರು. “ಅಡಿಗೆಯೋರು ಬೇರೆ ಅವ್ರೆ ಸಾಮಿ. ನೀವು ಒಗ್ಗರಣೆಗೆ ಮಾತ್ರ ಕೈ ತಾಕಿಸಿಬಿಡಿ, ಸಾಕು.” ಹೋದೆ. ಅಡಿಗೆಯವರು ಮಾಡಿಟ್ಟ ಹುಳಿಯ ಕೊಳಗದ ಮುಂದೆ ನನ್ನನ್ನು ನಿಲ್ಲಿಸಿ, ಕಾದ ಎಣ್ಣೆಯ ಬಾಣಲೆಯನ್ನು ಕೈಗೆ ಕೊಟ್ಟರು. ನಾನು ಸುರಿದೆ. ಸುತ್ತ ನಿಂತವರೆಲ್ಲ ದೇವರ ತಲೆಯ ಮೇಲಿನ ಹೂವು ಬಲಕ್ಕೆ ಬಿದ್ದ ಹಾಗೆ ‘ಆಹಾ’ ಎಂದರು. ನಮ್ಮ ಕಡೆ ಮದುವೆಯಲ್ಲಿ ಬೀಗರು ಊಟದಲ್ಲಿ ತಪ್ಪು ಹುಡುಕಲೇಬೇಕು. ಹುಡುಕದಿದ್ದರೆ ಗಂಡಿನ ಕಡೆಯವರ ಮರ್ಯಾದೆಗೇ ಕಡಿಮೆ. ಆದರೆ ಆ ದಿನ ಬೀಗರ ಹಿರಿಯರು, ಕನ್ನಡಕದ ಮೇಲಿಂದ ನೋಡುವ ಒಬ್ಬ ದಪ್ಪ ಮನುಷ್ಯ, ಹುಳಿಯನ್ನು ಎರಡು ಸಲ ಹಾಕಿಸಿಕೊಂಡು, “ಇದರಲ್ಲಿ ತಪ್ಪು ತೆಗೆದ್ರೆ ನಾಲಿಗೆ ಬಿದ್ದೋಗುತ್ತೆ” ಎಂದುಬಿಟ್ಟರು. ನನ್ನನ್ನು ಅವರ ಪಕ್ಕದಲ್ಲೇ ಮೊದಲ ಪಂಕ್ತಿಯಲ್ಲಿ ಕೂರಿಸಿದ್ದರು. ಎಲೆ ಎತ್ತುವ ಹೊತ್ತಿಗೆ ಅವರು ನನ್ನ ಕಿವಿಯ ಹತ್ತಿರ ಬಾಗಿ, ತಮ್ಮ ಊರಿನ ಒಂದು ಹಳೆಯ ಪಹಣಿಯ ವಿಷಯ ಎತ್ತಿದರು. ಅಭಿಮಾನಿಗಳ ಕೆಲಸ ಮಾಡಿಕೊಡದೆ ಇರುವುದುಂಟೆ? ವಾರದೊಳಗೆ ಮಾಡಿಕೊಟ್ಟೆ. ಅಲ್ಲಿಂದ ಮುಂದೆ ಸುತ್ತಲಿನ ಯಾವ ಮದುವೆ, ಯಾವ ಗೃಹಪ್ರವೇಶವೂ ನನ್ನ ಒಗ್ಗರಣೆಯಿಲ್ಲದೆ ಆಗಲಿಲ್ಲ. ಒಗ್ಗರಣೆ ಗುಮಾಸ್ತರು ಎಂದೇ ಹೆಸರಾಯಿತು. ಬಂದವರೆಲ್ಲ ಒಂದೇ ಮಾತು ಹೇಳುತ್ತಿದ್ದರು: ‘ಇಂಥ ಕೈ ಇಟ್ಟುಕೊಂಡು ಈ ಧೂಳಿನಲ್ಲಿ ಕೂತಿದ್ದೀರಲ್ಲ ಸ್ವಾಮಿ!’

ಒಂದು ಸಂಜೆ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಅಡಿಗೆಯನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದು ಸಾವಿತ್ರಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಒಂದು ಮಾತು ಕೇಳ್ಲಾ?” ಎಂದಳು.

“ಕೇಳು.”

“ಪಹಣಿ ಬೇಡದೋರು ಯಾರಾದ್ರೂ ನಿಮ್ಮ ಹುಳೀನ ಹೊಗಳಿದಾರಾ?”

ನನಗೆ ಎಲ್ಲಿತ್ತೋ ಸಿಟ್ಟು. ಗಂಡನ ಏಳಿಗೆ ಕಂಡರಾಗದವಳು, ಕಲೆ ಎಂದರೇನೆಂದು ತಿಳಿಯದವಳು, ಅವರಪ್ಪನೂ ಹಾಗೆಯೇ ಎಂದು ಅವರ ವಂಶವನ್ನೆಲ್ಲ ಎಳೆದು ತಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, “ನಂಗೇನೂ ಬೇಜಾರಿಲ್ಲಪ್ಪ. ನೀವು ಆ ಕಚೇರೀಲಿ ಸುಖವಾಗಿಲ್ಲ ಅಂತ ನಂಗೊತ್ತು. ಬಿಡೋದಾದ್ರೆ ಅಡಿಗೆ ಇಷ್ಟ ಅಂತ ಬಿಡಿ. ಅವರು ಹೇಳಿದ್ರು ಅಂತ ಬಿಡಬೇಡಿ” ಎಂದಳು. ಇಷ್ಟು ವರ್ಷವಾದ ಮೇಲೂ ಆ ಮಾತು ನನಗೆ ಅಕ್ಷರಶಃ ನೆನಪಿದೆ. ಆ ದಿನ ಅದು ನನ್ನ ಕಿವಿಗೆ ಬಿದ್ದರೂ ತಲೆಗೆ ಹತ್ತಲಿಲ್ಲ. ಮಾರನೆಯ ವಾರ ಕಾಗದ ಕೊಟ್ಟೆ. ಶಿರಸ್ತೇದಾರರು ಓದಿ, ಕನ್ನಡಕ ತೆಗೆದು, ನನ್ನನ್ನು ಮೊದಲನೆಯ ಸಲ ನೋಡುವವರ ಹಾಗೆ ನೋಡಿದರು. “ಹೋಗಿ ಬನ್ನಿ. ಆದ್ರೆ ರೆಕಾರ್ಡು ರೂಮಿನ ಬೀಗದ ಕೈ ಒಪ್ಪಿಸೋದು ಮರೀಬೇಡಿ” ಎಂದರು. ಬೀಗದ ಕೈ ಅವರ ಮೇಜಿನ ಮೇಲಿಟ್ಟೆ. ಅದರ ಜತೆಗೆ ಇನ್ನೂ ಏನನ್ನೋ ಒಪ್ಪಿಸುತ್ತಿದ್ದೇನೆ ಎನ್ನುವುದು ನನಗೆ ತಿಳಿಯಲಿಲ್ಲ.

ತಿಳಿಸಿದವರು ಅದೇ ಚಿಕ್ಕಮುನಿಯಪ್ಪನವರು. ಅವರ ಚಿಕ್ಕ ಮಗಳ ಮದುವೆ, ಅದೇ ಕೈವಾರದ ಛತ್ರ. ಈ ಸಲ ಒಗ್ಗರಣೆಗೆ ಕೈ ತಾಕಿಸಲು ಹೋದವನಲ್ಲ, ಇಡೀ ಅಡಿಗೆಯನ್ನೇ ವಹಿಸಿಕೊಂಡು ಹೋದವನು. ಅದೇ ಕುಂಬಳಕಾಯಿ ಹುಳಿ ಮಾಡಿದೆ. ಪದ್ಧತಿಯಂತೆ ಬೀಗರ ಪಂಕ್ತಿ ಮೊದಲು. ಹಿಂದಿನ ಸಲದ ಆ ಕನ್ನಡಕದ ಹಿರಿಯರು ದೊಡ್ಡ ಮಗಳ ಮಾವನೆಂದು ಅಲ್ಲೇ ಕೂತಿದ್ದರು. ನಾನು ಬಾಗಿಲ ಮರೆಯಲ್ಲಿ ಸೌಟು ಹಿಡಿದು, ಹೊಗಳಿಕೆಗೆ ಮುಖವನ್ನು ಸಿದ್ಧಮಾಡಿಕೊಂಡು ನಿಂತಿದ್ದೆ. ಅವರು ಒಂದು ತುತ್ತು ಬಾಯಿಗಿಟ್ಟರು. “ಏನ್ ಪಟೇಲ್ರೇ, ಇದು ಹುಳಿನಾ ಕಲಗಚ್ಚಾ?” ಎಂದರು. ದನಕ್ಕಿಡುವ ಕಲಗಚ್ಚು! ಚಿಕ್ಕಮುನಿಯಪ್ಪನವರು ನನ್ನ ಪರವಾಗಿ ಏನಾದರೂ ಅಂದಾರು ಎಂದು ನೋಡಿದೆ. ಅವರು ಅಡಿಗೆಮನೆಯ ಕಡೆ ತಿರುಗಿ, “ಏನಯ್ಯಾ ಭಟ್ಟ, ಹಿಂಗಾ ಮಾಡೋದು? ಉಪ್ಪು ಎತ್ಲಾಗೋಯ್ತು?” ಎಂದು ಎಲ್ಲರಿಗೂ ಕೇಳಿಸುವಂತೆ ಕೂಗಿದರು. ಅವರ ಮೂರು ಹೊಲಗಳ ನಕಲೂ ಬೀಗರ ಹಳೆಯ ಪಹಣಿಯೂ ಯಾವತ್ತೋ ಅವರವರ ಪೆಟ್ಟಿಗೆ ಸೇರಿದ್ದವು. ಅದೇ ಕೈ, ಅದೇ ಕುಂಬಳಕಾಯಿ, ಅದೇ ನಾಲಿಗೆಗಳು. ನಾನು ಒಲೆಯ ಹತ್ತಿರ ಹೋಗಿ ಕೊಳಗದಿಂದ ಅಂಗೈಗೆ ಸುರಿದುಕೊಂಡು ರುಚಿ ನೋಡಿದೆ. ಉಪ್ಪು ಸರಿಯಾಗಿತ್ತು. ಆದರೆ ನಿಜ ಹೇಳಬೇಕು, ಹುಳಿ ಒಂಚೂರು ಮುಂದಾಗಿತ್ತು.

ಅಲ್ಲಿಂದ ಮುಂದಿನದು ವಿಶೇಷವಲ್ಲ. ಗುಮಾಸ್ತ ಅಡಿಗೆ ಮಾಡಿದರೆ ಅದು ಸೋಜಿಗ, ಅಡಿಗೆಯವನು ಅಡಿಗೆ ಮಾಡಿದರೆ ಅದರಲ್ಲಿ ಹೇಳುವುದೇನಿದೆ? ಸ್ವಾಮಿ ಎನ್ನುತ್ತಿದ್ದವರು ಭಟ್ಟರೇ ಎಂದರು, ಭಟ್ಟರೇ ಎಂದವರು ಏನಯ್ಯಾ ಎಂದರು. ಮೊದಲ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು ಕೊನೆಯಲ್ಲಿ ಒಲೆಯ ಪಕ್ಕ ಕೂತು ಉಂಡೆ. ಪುಟ್ಟ ರೈಲಿನಲ್ಲಿ ಸೌಟು ಜಾಲರಿಗಳ ಗಂಟು ಹೊತ್ತು ಚಿಕ್ಕಬಳ್ಳಾಪುರಕ್ಕೂ ಚಿಂತಾಮಣಿಗೂ ಓಡಾಡುವಾಗ ಹಳೆಯ ಕಚೇರಿಯವರು ಯಾರಾದರೂ ಎದುರು ಸಿಕ್ಕರೆ ಕಿಟಕಿಯ ಕಡೆ ತಿರುಗಿ ಬೆಟ್ಟ ನೋಡುತ್ತಿದ್ದೆ. ಸ್ಕಂದಗಿರಿಯನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಯಾರೂ ಇಲ್ಲ. ನನಗಿಂತ ಹೆಚ್ಚು ಕಳೆದುಕೊಂಡವಳು ಸಾವಿತ್ರಿ. ಬೀದಿಯ ಕೊಳಾಯಿಯ ಹತ್ತಿರ ‘ಗುಮಾಸ್ತರ ಮನೆಯವರು’ ಎಂದು ಅವಳ ಬಿಂದಿಗೆಗೆ ದಾರಿ ಬಿಡುತ್ತಿದ್ದ ಹೆಂಗಸರು ಈಗ ಬಿಡುತ್ತಿರಲಿಲ್ಲ. ಅವಳು ಅದನ್ನು ನನಗೆ ಹೇಳಲಿಲ್ಲ. ನೀರು ತರಲು ಅವಳಿಗೆ ಮೊದಲಿಗಿಂತ ಹೊತ್ತು ಹಿಡಿಯುತ್ತಿದ್ದುದನ್ನು ನೋಡಿ ನಾನೇ ತಿಳಿದುಕೊಂಡೆ. ಆಗ ಮನಸ್ಸಿಗೆ ಬಹಳ ನೋವಾಯಿತು. ಮತ್ತೆ ಕಚೇರಿಗೆ ಹೋಗಿ ಬೀಗದ ಕೈ ಕೇಳೋಣವೇ ಎನ್ನುವವರೆಗೂ ಯೋಚನೆ ಹೋಗಿತ್ತು. ಅಷ್ಟರಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು.

ಒಂದು ಮಾತ್ರ ಒಪ್ಪಿಕೊಳ್ಳಬೇಕು. ಹೊಗಳುವವರು ಯಾರೂ ಇಲ್ಲದ ಮೇಲೆ ನಾನು ನಿಜವಾಗಿಯೂ ಅಡಿಗೆ ಕಲಿತೆ. ಬೈಯುವವರ ಮಾತನ್ನು ಹಿಡಿದುಕೊಂಡು ಹುಣಿಸೆ ಇಳಿಸಿದೆ, ಬೆಲ್ಲ ಸೇರಿಸಿದೆ, ಒಗ್ಗರಣೆಯ ಜಂಬವನ್ನು ಬಿಟ್ಟು ಬೇಳೆ ಬೇಯುವುದನ್ನು ನೋಡುತ್ತಾ ಕೂತೆ. ಎಷ್ಟೋ ವರ್ಷವಾದ ಮೇಲೆ ಒಂದು ಮಧ್ಯಾಹ್ನ ಶಿಡ್ಲಘಟ್ಟದ ಗೃಹಪ್ರವೇಶವೊಂದರಿಂದ ಉಳಿದ ಹುಳಿಯನ್ನು ಕ್ಯಾರಿಯರಿನಲ್ಲಿ ಮನೆಗೆ ತಂದೆ. ಸಾವಿತ್ರಿ ಅನ್ನಕ್ಕೆ ಕಲಸಿಕೊಂಡು ಒಂದು ತುತ್ತು ತಿಂದಳು. ಯೋಚಿಸಿದಳು. ಪರವಾಗಿಲ್ಲ ಎನ್ನುವುದನ್ನು ಕೇಳಲು ನಾನು ಸಿದ್ಧನಾದೆ. “ಚೆನ್ನಾಗಿದೆ ರೀ” ಎಂದಳು. ಇನ್ನೊಂದು ತುತ್ತು ತಿಂದು, “ತುಂಬಾ ಚೆನ್ನಾಗಿದೆ” ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಯಾರಾದರೂ ಕೇಳಿಸಿಕೊಂಡರೇ ಎಂದು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಹುಳಿ ಕೆಟ್ಟಿದ್ದಾಗ ತಾಲ್ಲೂಕಿಗೆ ತಾಲ್ಲೂಕೇ ಹೊಗಳಿತು. ಚೆನ್ನಾದಾಗ ಹೇಳಲು ಉಳಿದವಳು ಒಬ್ಬಳೇ. ಅದೇ ಸಾಕು ಎಂದು ದೊಡ್ಡವರು ಹೇಳುತ್ತಾರೆ. ಅಷ್ಟು ದೊಡ್ಡವನು ನಾನಲ್ಲ. ನನಗೆ ಆ ಹಳೆಯ ಸುಳ್ಳು ಹೊಗಳಿಕೆಯ ನೆನಪಾಗಿ ಬಾಯಲ್ಲಿ ನೀರೂರುತ್ತಲೇ ಇತ್ತು, ಈಗಲೂ ಊರುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮರ್ಯಾದಸ್ಥನಾಗಿ ಉಳಿಯುತ್ತಿದ್ದೆ. ಆದರೆ ನನ್ನ ಜಾಗಕ್ಕೆ ಬಂದ ಗುಮಾಸ್ತರ ವಿಷಯ ಹೇಳಲೇಬೇಕು. ಅವರ ಹೆಸರು ನಂಜುಂಡಯ್ಯ. ಸಂಭಾವಿತರು, ಸಂಸಾರಸ್ಥರು, ಹಾಡುವ ಹವ್ಯಾಸ. ಅವರು ಹಾಡಲು ಕೂತರೆ ಶ್ರುತಿ ಪೂರ್ವಕ್ಕೆ ಹೊರಟರೆ ಅವರು ಪಶ್ಚಿಮಕ್ಕೆ ಹೊರಡುತ್ತಿದ್ದರು. ನಡುವೆ ಎಲ್ಲಾದರೂ ಸಂಧಿಸಿದರೆ ಅದು ಆಕಸ್ಮಿಕ. ಒಂದು ರಾಮನವಮಿಯ ಸಂಜೆ ನಮ್ಮ ಬೀದಿಯ ಭಜನೆಯಲ್ಲಿ ಅವರ ದೇವರನಾಮ, ನನ್ನ ಪಾನಕ ಕೋಸಂಬರಿ. ಕಚೇರಿಯ ಬೆಂಚಿನ ಮೇಲೆ ನಕಲಿಗೆ ಕಾಯುವ ರೈತರು ಇಲ್ಲೂ ಬಂದು ತಲೆದೂಗಿ ತಲೆದೂಗಿ ಕೇಳಿದರು. ಅವರ ತಲೆ ಏಕೆ ತೂಗುತ್ತಿದೆ ಎಂದು ಆ ಬೀದಿಯಲ್ಲಿ ನನ್ನಷ್ಟು ಚೆನ್ನಾಗಿ ತಿಳಿದವರು ಯಾರಿದ್ದಾರು? ಪಾನಕ ಕುಡಿಯುವ ನೆಪದಲ್ಲಿ ನಂಜುಂಡಯ್ಯನವರು ನನ್ನ ಹತ್ತಿರ ಬಂದರು.

“ಸುಬ್ಬಣ್ಣನೋರೇ, ನಿಮ್ಮನ್ನ ಒಂದು ಮಾತು ಕೇಳ್ಬೇಕು. ಕೆಲಸ ಬಿಟ್ಟು ಹರಿಕಥೆ ಮಾಡ್ಕೊಂಡು ಊರೂರು ತಿರುಗಣ ಅಂತಿದೀನಿ. ಕಚೇರೀಗೆ ಬರೋರೆಲ್ಲ ನಿಮ್ಮ ಕಂಠಕ್ಕೆ ಈ ಧೂಳು ತರವಲ್ಲ ಅಂತಾರೆ. ಅವರ ಮಾತು ನಾನು ನಂಬಲ್ಲ. ಅವರಿಗೆ ನಕಲು ಬೇಕು, ಅಂತಾರೆ. ಅಷ್ಟೂ ತಿಳೀದೋನಲ್ಲ ನಾನು.”

ಇವರು ನನಗಿಂತ ಬುದ್ಧಿವಂತರು ಎಂದುಕೊಂಡೆ. ಅವರು ಮುಂದುವರಿಸಿದರು: “ಅದಕ್ಕೇ ನಿಮ್ಮ ಹತ್ರ ಬಂದೆ. ನಿಮಗೆ ನನ್ನಿಂದ ಏನಾಗ್ಬೇಕಾಗಿದೆ? ಜತೆಗೆ ಇದೇ ದಾರೀಲಿ ಹೋದೋರು ನೀವು. ನಿಜ ಹೇಳಿ, ನನ್ನ ಹಾಡು ಹೇಗಿದೆ?”

ನನಗೆ ಅವರಿಂದ ಏನಾಗಬೇಕಾಗಿತ್ತು ಎಂದರೆ, ನಮ್ಮಪ್ಪನ ಹೆಸರಿನಲ್ಲಿದ್ದ ಒಂದು ಹೊಲದ ಖಾತೆ ನನ್ನ ಹೆಸರಿಗೆ ಆಗಬೇಕಾಗಿತ್ತು. ಅದಕ್ಕೆ ಹಳೆಯ ಪಹಣಿಯ ನಕಲು ಬೇಕಾಗಿತ್ತು. ಭಜನೆ ಮುಗಿದ ಮೇಲೆ ಕೊಡೋಣವೆಂದು ಅರ್ಜಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೇ ಬಂದಿದ್ದೆ. ಕೈ ತಾನಾಗಿ ಜೇಬಿಗೆ ಹೋಯಿತು. “ನಿಮ್ಮ ಕಂಠದಲ್ಲಿ ಅಮೃತ ಇದೆ ನಂಜುಂಡಯ್ಯನೋರೇ” ಎಂದೆ. ಎಲ್ಲೋ ಕೇಳಿದ ಮಾತು, ಬಾಯಿಗೆ ತಾನಾಗಿ ಬಂತು. ಅವರ ಮುಖ ಅರಳಿತು. ಅಷ್ಟು ಸಂತೋಷವನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡದ್ದು ಕಡಿಮೆ. ನನ್ನ ಕೈ ಹಿಡಿದುಕೊಂಡು, “ಬೇರೆ ಯಾರು ಹೇಳಿದ್ರೂ ನಂಬ್ತಿರಲಿಲ್ಲ. ನೀವು ಹೇಳಿದ್ರಿ, ಸಾಕು. ಧೈರ್ಯ ಬಂತು” ಎಂದರು. ಅದನ್ನು ಕೇಳಿದ ಮೇಲೆ ಅರ್ಜಿಯನ್ನು ಹೊರಗೆ ತೆಗೆಯಲು ಮುಖ ಬರಲಿಲ್ಲ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಬಾಯಿ ಬರಲಿಲ್ಲ. ಅರ್ಜಿಯೂ ನಿಜವೂ ಜೇಬಿನಲ್ಲೇ ಉಳಿದವು. ನಿಜ ಹೇಳಿದ್ದರೆ ಅವರ ನೌಕರಿ ಉಳಿಯುತ್ತಿತ್ತು ಎನ್ನುವುದು ಈಗಲೂ ನನ್ನ ಎದೆಯನ್ನು ಕುಟುಕುತ್ತದೆ.

ಮನೆಗೆ ಬಂದು ಸಾವಿತ್ರಿಗೆ ಹೇಳಿದೆ. “ಪಾಪ, ಅವರ ಮನೆಯಾಕೆ ಏನೂ ಹೇಳಿರಲ್ವಾ?” ಎಂದಳು.

“ಹೇಳಿರ್ತಾರೆ. ಇವರು ಹೊಟ್ಟೆಕಿಚ್ಚು ಅಂದಿರ್ತಾರೆ” ಎಂದೆ.

ನಂಜುಂಡಯ್ಯನವರು ರಾಜೀನಾಮೆ ಕೊಟ್ಟರು. ಈಗ ಕೆಲವು ಮದುವೆಗಳಲ್ಲಿ ನಾವಿಬ್ಬರೂ ಸೇರುತ್ತೇವೆ. ಅವರ ಕಥೆಯ ಹೊತ್ತಿಗೆ ಜನ ನನ್ನ ಊಟಕ್ಕೆ ಏಳುತ್ತಾರೆ. ನನ್ನ ಊಟ ಉಂಡವರು ಅವರ ಕಥೆಯ ಹೊತ್ತಿಗೆ ಮಲಗುತ್ತಾರೆ. ಅವರು ನನ್ನ ಹುಳಿಯನ್ನು ತಪ್ಪದೆ ಹೊಗಳುತ್ತಾರೆ. ಅವರಿಗೆ ನನ್ನಿಂದ ಏನೂ ಆಗಬೇಕಾಗಿಲ್ಲ. ಸುಖ ಕೊಡಬೇಕಾದ ಆ ಹೊಗಳಿಕೆ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

ಖಾತೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ರೆಕಾರ್ಡು ರೂಮಿಗೆ ಈಗ ಬಂದಿರುವವರು ಬಿಗಿಯಾದ ಮನುಷ್ಯ. ಹಾಡುವುದಿಲ್ಲ, ಅಡಿಗೆ ಮಾಡುವುದಿಲ್ಲ, ಎಲೆ ಅಡಿಕೆ ಕೂಡ ಹಾಕುವುದಿಲ್ಲ. ನನ್ನ ಅರ್ಜಿ ಅವರ ಮೇಜಿನ ಮೇಲೆ ಕೂತಿದೆ, ನಾನು ರೈತರ ಜತೆ ಅದೇ ಹಳೆಯ ಬೆಂಚಿನ ಮೇಲೆ ಕೂತಿದ್ದೇನೆ. ಮೊನ್ನೆ ಕತ್ತು ಚಾಚಿ ಅವರು ಬರೆಯುತ್ತಿದ್ದುದನ್ನು ನೋಡಿದೆ. ಅಕ್ಷರ ಪರವಾಗಿಲ್ಲ. ನಾಳೆ ಹೋದಾಗ ಹೇಳಬೇಕು, ಮುತ್ತು ಪೋಣಿಸಿದ ಹಾಗಿದೆ ಸ್ವಾಮಿ ಎಂದು.